ನಮ್ಮ ಚಾಳಿನ ಸಂಗೀತದ ಖೋಲಿ



ಮುಂಬಯಿಯ ನಮ್ಮ ಚಾಳಿನಲ್ಲಿ ನೆರೆಹೊರೆಯವರು ಕೂಡಿ ಒಂದು ಖೋಲಿಯನ್ನು ಹಾಡಿನ ಧ್ವನಿಮುದ್ರಣಕ್ಕೆ ಅಣಿಗೊಳಿಸಿದ ಸಂಗತಿ ತಮಗೆ ತಿಳಿದಿದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಹೋಗದೆಂಬುದು ಭ್ರಮೆ. ಅದನ್ನು ತಡೆಯುವುದು ಭಾರವಾದ ಕದ, ಮುಚ್ಚಿದ ಸಂದು. 2000ದ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಿಯಮಕ್ಕಿಂತ ದೊಡ್ಡವರು ಮೇಲ್ಮಹಡಿಯ ಮರಾಠಿ ಆಜಿ! ಅವರ ಅಭಂಗವನ್ನೇ ಮೊದಲು ಮುದ್ರಿಸಿದೆವು. ಈಗ ಒಂದು ಬೀಗದ ಕೈ ಅವರಲ್ಲಿದೆ. ತಿಂಗಳ ಜಮಾಖರ್ಚನ್ನು ಬಾಗಿಲಿಗೇ ಅಂಟಿಸುತ್ತೇವೆ. ಬ್ಯಾಂಕ್ ಗುಮಾಸ್ತನ ಚಾಳಿ, ಕ್ಷಮಿಸಬೇಕು.

ಚಿಂತೆ ಬೇರೊಂದಿದೆ. ನಮ್ಮ ಮಕ್ಕಳು ದಾಸರ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. ‘ಕೊಡು’ ಎಂಬುದು ‘ಕೋಡು’ ಆಗುತ್ತದೆ, ಹಾಗೆಯೇ ಮುದ್ರಿತವೂ ಆಗುತ್ತದೆ. ಉಚ್ಚಾರ ತಿದ್ದಲು ಹಿರಿಯರು ಬೇಕು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಖೋಲಿ ತೆರೆದಿರುತ್ತದೆ.