ಬಸಿದ ನೀರನ್ನು ಚೆಲ್ಲಬೇಡಿ

ಮೈಸೂರಿನಿಂದ ಗುಂಡ್ಲುಪೇಟೆಯ ದಾರಿಯಾಗಿ ಊಟಿಗೆ ಹೋದವರು ನಿಮ್ಮಲ್ಲಿ ಬಹಳ ಮಂದಿ ಇರಬೇಕು. ಗುಂಡ್ಲುಪೇಟೆ ದಾಟಿದ ಮೇಲೆ, ಬಂಡೀಪುರದ ಕಾಡು ಮೊದಲಾಗುವುದಕ್ಕೆ ಮುಂಚೆ, ಹಂಗಳ ಎಂಬ ಊರು ಸಿಕ್ಕುತ್ತದೆ. ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ; ನೇರವಾಗಿ ಹೋದರೆ ಬಂಡೀಪುರ. ಎರಡು ಕಡೆಯೂ ನೋಡುವಂಥದ್ದು ಇರುವುದರಿಂದ ನಡುವಿನ ಊರಿನಲ್ಲಿ ಇಳಿಯುವವರು ಕಡಮೆ. ಇಳಿದರೂ ಒಂದು ಲೋಟ ಕಾಫಿಗೆ. ಆ ಊರಿನ ಮನೆಗಳಲ್ಲಿ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಕೇಳಿದವರು ಇನ್ನೂ ಕಡಮೆ. ಅದನ್ನು ನಿಮಗೆ ತಿಳಿಸುವುದು ಈ ಭಾಷಣದ ಉದ್ದೇಶ.

ಅಲ್ಲಿ ಬೇಯುತ್ತಿರುವುದು ಹೆಚ್ಚಿನ ದಿನಗಳಲ್ಲಿ ಉಪ್ಪೆಸರು. ಹೆಸರಿನಲ್ಲಿಯೇ ಅಡಿಗೆಯ ಕ್ರಮವಿದೆ: ಉಪ್ಪು ಹಾಕಿದ ಎಸರು. ಕಾಳನ್ನೂ ಸೊಪ್ಪನ್ನೂ ಉಪ್ಪಿನ ನೀರಿನಲ್ಲಿ ಬೇಯಿಸಿ, ನೀರನ್ನು ಬಸಿದುಕೊಂಡು, ಪಕ್ಕದಲ್ಲಿ ಒಂದಿಷ್ಟು ಖಾರ ಅರೆದಿಟ್ಟುಕೊಂಡರೆ ಆಯಿತು. ಬಸಿದ ನೀರು ಸಾರು, ಬೆಂದದ್ದು ಪಲ್ಯ, ಅರೆದದ್ದು ಖಾರ. ಒಂದು ಪಾತ್ರೆ, ಒಂದು ಉರಿ, ಮೂರು ಪದಾರ್ಥ. ಚಾಮರಾಜನಗರ, ಮೈಸೂರು, ಮಂಡ್ಯದ ಹಳ್ಳಿಗಳಲ್ಲೆಲ್ಲ ಇದು ಇದೆ. ಹಂಗಳದ ಸ್ವಂತ ಆಸ್ತಿಯೇನೂ ಅಲ್ಲ. ಆದರೆ ಈ ಅಡಿಗೆ ಏಕೆ ಹೀಗಿದೆ ಎಂಬುದು ಆ ನೆಲವನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಹಂಗಳದ ಸುತ್ತಿನದು ಮಳೆಯ ಮರೆಯಲ್ಲಿರುವ ಸೀಮೆ. ಪಶ್ಚಿಮದಿಂದ ಬರುವ ಮುಂಗಾರು ವೈನಾಡಿನ ಕಡೆಯಲ್ಲಿಯೇ ಬಹುಪಾಲು ಸುರಿದುಬಿಡುತ್ತದೆ. ಇತ್ತ ಬರುವುದು ಮೋಡ, ಗಾಳಿ ಮತ್ತು ಒಂದಷ್ಟು ತುಂತುರು. ಇಂಥ ನೆಲದಲ್ಲಿ ಒಂದೇ ಬೆಳೆಯನ್ನು ನಂಬಿ ಕೂರಲಾಗದು. ಆದ್ದರಿಂದ ಹಿಂದಿನವರು ರಾಗಿ, ಜೋಳಗಳ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಅಷ್ಟು ಸಾಲಿಗೊಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿ ಕೈಕೊಟ್ಟರೆ ಅವರೆ, ಅವರೆ ಕೈಕೊಟ್ಟರೆ ತೊಗರಿ. ಏನೂ ಬರದ ಕಲ್ಲುನೆಲದಲ್ಲಿ ಹುರಳಿ. ಇವುಗಳ ನಡುವೆ ಯಾರೂ ಬಿತ್ತದೆ ತಾವಾಗಿ ಏಳುತ್ತಿದ್ದವು ಅಣ್ಣೆ ಸೊಪ್ಪು, ಕೀರೆ, ಹೊನಗೊನ್ನೆ. ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಬೇಸಾಯಕ್ಕೆ ಅದು ಕಳೆ, ಮನೆಗೆ ಅದು ತರಕಾರಿ. ಹೀಗೆ ಹಲವು ಬಗೆಯ ಸೊಪ್ಪು ಕಲೆತದ್ದಕ್ಕೆ ಬೆರಕೆ ಸೊಪ್ಪು ಎಂದು ಹೆಸರು. ಉಪ್ಪೆಸರಿನ ಮಡಕೆಯೆಂದರೆ ಆ ಅಕ್ಕಡಿ ಹೊಲವೇ ಒಲೆಯ ಮೇಲೆ ಬಂದು ಕೂತ ಹಾಗೆ.

ಈಗ ಮಾಡುವ ಕ್ರಮವನ್ನು ನೋಡೋಣ. ನಾಲ್ಕು ಜನಕ್ಕೆ ಅರ್ಧ ಪಾವು ತೊಗರಿಬೇಳೆ, ಇಲ್ಲವೆ ಒಂದು ಪಾವು ಹಸಿ ಅವರೆಕಾಳು ಅಥವಾ ರಾತ್ರಿ ನೆನೆಸಿದ ಅಲಸಂದೆ ಸಾಕು. ಸೊಪ್ಪು ಎರಡು ದೊಡ್ಡ ಕಟ್ಟು. ಪಟ್ಟಣದಲ್ಲಿ ಬೆರಕೆ ಸೊಪ್ಪು ಸಿಕ್ಕದಿದ್ದರೆ ದಂಟು, ಕೀರೆ, ಸಬ್ಬಸಿಗೆ ಮೂರನ್ನೂ ಸ್ವಲ್ಪ ಸ್ವಲ್ಪ ಬೆರಸಿಕೊಳ್ಳಿ. ಮನೆಯ ಹಿಂದೆ ನುಗ್ಗೆಮರವಿದ್ದರೆ ಅದರ ಎಳೆಸೊಪ್ಪೂ ಆದೀತು. ಬರಿಯ ಮೆಂತೆಯ ಸೊಪ್ಪು ಬೇಡ, ಸಾರು ಕಹಿಯಾಗುತ್ತದೆ. ಸೊಪ್ಪನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವವೆಲ್ಲ ಮೋರಿಯ ಪಾಲು.

ಆರೇಳು ಲೋಟ ನೀರು ಕುದಿಯಲಿಟ್ಟು ಮೊದಲು ಕಾಳು ಹಾಕಿ. ಬೆರಳಿನಿಂದ ಹಿಸುಕಿದರೆ ಒಳಗೆ ಇನ್ನೂ ಸ್ವಲ್ಪ ಗಟ್ಟಿ ಇದೆ ಎನ್ನುವಾಗ ಸೊಪ್ಪನ್ನೂ ಉಪ್ಪನ್ನೂ ಹಾಕಬೇಕು. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯಲು ಹಟ ಮಾಡುತ್ತದೆ ಎನ್ನುವುದು ನಮ್ಮ ಕಡೆಯ ಹೆಂಗಸರ ಮಾತು. ಸೊಪ್ಪು ಹಾಕಿದ ಮೇಲೆ ತಟ್ಟೆ ಮುಚ್ಚಬೇಡಿ. ಮುಚ್ಚಿದರೆ ಬಣ್ಣ ಮಾಸುತ್ತದೆ. ಸೊಪ್ಪು ಬೆಂದೊಡನೆ ಬಸಿದುಬಿಡಿ. ಕುಕ್ಕರಿನವರು ಕಾಳನ್ನು ಮಾತ್ರ ಕುಕ್ಕರಿನಲ್ಲಿ ಬೇಯಿಸಿಕೊಂಡು ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಅದೇ ನೀರಿಗೆ ಹಾಕಿದರೆ ಕೆಲಸ ಕೆಡುವುದಿಲ್ಲ. ಎರಡನ್ನೂ ಒಟ್ಟಿಗೆ ತುಂಬಿ ನಾಲ್ಕು ಸೀಟಿ ಕೂಗಿಸಿದರೆ ಸಿಗುವುದು ಉಪ್ಪೆಸರಲ್ಲ, ಹಸಿರು ಗಂಜಿ.

ಇನ್ನು ಖಾರ. ಈ ಅಡಿಗೆಯ ಜೀವ ಇರುವುದು ಇಲ್ಲಿ. ಎಂಟು ಹತ್ತು ಒಣಮೆಣಸಿನಕಾಯಿಯನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು ಇಷ್ಟನ್ನು ಕೂಡಿಸಿ ನುಣ್ಣಗೆ ಅರೆಯಬೇಕು. ಅರೆಯುವಾಗ ಬಸಿದ ಕಾಳುಸೊಪ್ಪಿನಲ್ಲಿ ಒಂದು ಹಿಡಿ ಸೇರಿಸಿಕೊಂಡರೆ ಮಂದವಾಗಿ ಬರುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಸಣ್ಣ ಈರುಳ್ಳಿ ಹೇರಳವಾಗಿ ಬೆಳೆಯುತ್ತಾರೆ. ಅದರಲ್ಲಿ ನಾಲ್ಕನ್ನು ಸಿಪ್ಪೆಸಹಿತ ಕೆಂಡದಲ್ಲಿ ಸುಟ್ಟು, ಸುಲಿದು, ಇದಕ್ಕೆ ಹಾಕಿ ಅರೆದು ನೋಡಿ. ಹಸಿಮೆಣಸಿನಕಾಯಿಯ ಖಾರವೂ ಉಂಟು: ಕಾಯನ್ನು ಬಾಡಿಸಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಉಪ್ಪಿನೊಡನೆ ಅರೆದು, ಬಡಿಸುವಾಗ ನಿಂಬೆರಸ ಹಿಂಡುವುದು. ಎರಡರಲ್ಲಿ ಯಾವುದು ಮೇಲು ಎಂದು ವಾದಿಸುವ ಮನೆಗಳಿವೆ. ಬೇಸಿಗೆಗೆ ಹಸಿರು, ಚಳಿಗೆ ಕೆಂಪು ಎಂದು ನನ್ನ ಅಭಿಪ್ರಾಯ. ಯಂತ್ರದಲ್ಲಿ ಅರೆಯುವವರು ನೀರು ಹೆಚ್ಚು ಹಾಕದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒರಳಿನ ರುಚಿ ಬರುವುದಿಲ್ಲ, ನಿಜ. ಆದರೆ ಒರಳಿಲ್ಲವೆಂದು ಉಪ್ಪೆಸರನ್ನೇ ಬಿಡುವುದು ಇನ್ನೂ ದೊಡ್ಡ ನಷ್ಟ.

ಪಲ್ಯಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಎಣ್ಣೆ, ಸಾಸಿವೆ, ಒಂದು ಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ, ಕೊನೆಗೆ ಒಂದು ಹಿಡಿ ಕಾಯಿತುರಿ.

ಉಪ್ಪೆಸರಿಗೂ ಬಸ್ಸಾರಿಗೂ ಇರುವ ವ್ಯತ್ಯಾಸವನ್ನು ಪಟ್ಟಣದವರು ಮೇಲಿಂದ ಮೇಲೆ ಕೇಳುತ್ತಾರೆ. ಬಸ್ಸಾರಿನಲ್ಲಿ ಈರುಳ್ಳಿ, ಕಾಯಿ, ಸಾರಿನ ಪುಡಿ ಎಲ್ಲ ಅರೆದು ಬಸಿದ ನೀರಿಗೆ ಕಲಸಿ ಕುದಿಸುತ್ತಾರೆ. ರುಚಿ ಒಲೆಯ ಮೇಲೆಯೇ ತೀರ್ಮಾನವಾಗಿಹೋಗುತ್ತದೆ. ಉಪ್ಪೆಸರಿನಲ್ಲಿ ಹಾಗಲ್ಲ. ಬಸಿದ ನೀರು ಹಾಗೆಯೇ ತಟ್ಟೆಗೆ ಬರುತ್ತದೆ, ಖಾರ ಪಕ್ಕದಲ್ಲಿ. ಉಣ್ಣುವವರು ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಗುವಿನ ತಟ್ಟೆಯಲ್ಲಿ ಖಾರವೇ ಇಲ್ಲದ ತಿಳಿಸಾರು, ಒಂದು ತೊಟ್ಟು ತುಪ್ಪ. ಹೊಲದಿಂದ ಬಂದವರ ತಟ್ಟೆಯಲ್ಲಿ ಕಣ್ಣಲ್ಲಿ ನೀರು ಬರುವಂಥ ಕೆಂಪು. ಬಸುರಿಗೆ, ಹೊಟ್ಟೆ ಹುಣ್ಣಿನವರಿಗೆ, ಹಲ್ಲಿಲ್ಲದ ಅಜ್ಜಿಗೆ ಅವರವರಿಗೆ ತಕ್ಕ ಹದ. ಮನೆಯಲ್ಲಿ ಆರು ಜನರಿದ್ದು ಆರು ನಾಲಗೆಯಿದ್ದರೆ ಗೃಹಿಣಿಗೆ ಆರು ಸಾರು ಮಾಡುವ ಪಾಡಿಲ್ಲ. ಇದಕ್ಕಿಂತ ಜಾಣತನದ ಅಡಿಗೆಯನ್ನು ನಾನಂತೂ ಕಂಡಿಲ್ಲ.

ಹುರಳಿಯ ಮಾತು ಬೇರೆ. ಹಿಂದೆ ದುಡಿಯುವ ಎತ್ತುಗಳಿಗೆಂದು ದೊಡ್ಡ ಮಡಕೆಯಲ್ಲಿ ಹುರಳಿ ಬೇಯಿಸುತ್ತಿದ್ದರು. ಕಾಳು ಎತ್ತಿನ ಬಾನಿಗೆ, ಅದರ ಕಟ್ಟು ಮನೆಯವರ ಸಾರಿಗೆ. ಎತ್ತು ತಿಂದು ಉಳಿಸಿದ್ದನ್ನು ಮನುಷ್ಯರು ಉಣ್ಣುವುದೆ ಎಂದು ಮೂಗು ಮುರಿಯುವವರುಂಟು. ಅವರು ಒಂದು ಸಲ ಆ ಕಪ್ಪಗಿನ ಕಟ್ಟನ್ನು ಬೆಳ್ಳುಳ್ಳಿಯ ಒಗ್ಗರಣೆಯೊಡನೆ ಬಿಸಿಬಿಸಿಯಾಗಿ ಕುಡಿಯಲಿ, ಆಮೇಲೆ ಮಾತಾಡೋಣ. ಹುರಳಿಯನ್ನು ಮೊದಲು ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿದು, ರಾತ್ರಿಯೆಲ್ಲ ನೆನೆಸಿ, ಹೊಸ ನೀರು ಹಾಕಿ ಬೇಯಿಸಬೇಕು. ಮೊಳಕೆ ಬರಿಸುವುದಾದರೆ ಹುರಿಯಬೇಡಿ. ಹುರಿದ ಕಾಳು ಮೊಳೆಯದು. ಕಟ್ಟು ತೆಳ್ಳಗಾಯಿತೆಂದರೆ ಒಂದು ಹಿಡಿ ಬೆಂದ ಕಾಳನ್ನು ಅರೆದು ಸೇರಿಸಿ. ಮಾರನೆಯ ದಿನ ಕಾಯಿಸಿ ಉಂಡರೆ ರುಚಿ ಹೆಚ್ಚು.

ಇವೆಲ್ಲಕ್ಕೂ ಜೊತೆ ರಾಗಿಮುದ್ದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು, ಸಾರಿಗೆ ಉದ್ಕ ಎಂದು. ಹಿಟ್ಟು ತೊಳಸುವುದು ಬರುವುದಿಲ್ಲ, ಗಂಟಾಗುತ್ತದೆ ಎಂದು ಹೆದರುವ ಹೊಸ ಗೃಹಿಣಿಯರಿಗೆ ಎರಡು ಮಾತು. ಎರಡು ಲೋಟ ನೀರಿಗೆ ಒಂದೂಕಾಲು ಲೋಟ ಹಿಟ್ಟು. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿ ಬರಿಸಿ. ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಹಾಗೆಯೇ ಬಿಡಿ. ಅವಸರಪಟ್ಟು ಆಗಲೇ ಕಲಸುವುದರಿಂದಲೇ ಗಂಟು. ಹಿಟ್ಟು ಬೆಂದ ಮೇಲೆ ಇಳಿಸಿ, ಪಾತ್ರೆಯನ್ನು ಭದ್ರವಾಗಿ ಹಿಡಿದು ಬಲವಾಗಿ ತೊಳಸಬೇಕು. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಹದವಾಯಿತು. ಗುಂಡ್ಲುಪೇಟೆಯ ಸೀಮೆಯಲ್ಲಿ ಜೋಳದ ಹಿಟ್ಟನ್ನೂ ಹೀಗೆಯೇ ತೊಳಸುವುದುಂಟು. ಅದು ರಾಗಿಯಷ್ಟು ಜಿಗುಟಲ್ಲ, ಬಿಸಿಯಿರುವಾಗಲೇ ಉಣ್ಣಬೇಕು.

ಇಷ್ಟೆಲ್ಲ ಹೇಳುವುದು ಬಾಯಿಚಪಲಕ್ಕಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆ. ಅಂದರೆ ಈ ಬರಹವನ್ನು ಓದುತ್ತಿರುವ ಮನೆಗಳಲ್ಲಿಯೂ ಆ ತೊಂದರೆ ಇರಬಹುದು. ಸೊಪ್ಪನ್ನೂ ಕಾಳನ್ನೂ ಬೇಯಿಸಿದಾಗ ಫೋಲಿಕ್ ಆಮ್ಲ, ಬಿ ಗುಂಪಿನ ಇತರ ಜೀವಸತ್ವಗಳು, ಒಂದಷ್ಟು ಖನಿಜಗಳು ನೀರಿಗೆ ಇಳಿಯುತ್ತವೆ. ಪಲ್ಯ ಒಣಗಿರಬೇಕು ಎಂದು ಆ ನೀರನ್ನು ಬಚ್ಚಲಿಗೆ ಸುರಿದು, ಆಮೇಲೆ ಅಂಗಡಿಯಿಂದ ಅದೇ ಜೀವಸತ್ವಗಳ ಮಾತ್ರೆ ತರಿಸುವುದು ಯಾವ ಲೆಕ್ಕ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ಹುರಳಿಯ ತೂಕದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಸಸಾರಜನಕ. ಕೋಷ್ಟಕದಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ, ನಿಜ. ಅದಕ್ಕೇ ಸಣ್ಣ ಉಪಾಯಗಳು ಬೇಕು. ಕಾಳನ್ನು ನೆನೆಸುವುದು, ಮೊಳಕೆ ಬರಿಸುವುದು, ಬಡಿಸುವಾಗ ನಿಂಬೆ ಹಿಂಡುವುದು, ಇವುಗಳಿಂದ ಕಬ್ಬಿಣದ ಅಂಶ ಮೈಗೆ ಸೇರಲು ಸಹಾಯವಾಗುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವುದು ಇದಕ್ಕೆ ಅಡ್ಡಿ. ಒಂದು ಗಂಟೆ ತಡೆಯಿರಿ.

ಎಚ್ಚರಿಕೆಯ ಮಾತೂ ಇದೆ. ಚೆಲ್ಲಬಾರದು ಎಂದದ್ದು ಬೇಯಿಸಿದ ನೀರನ್ನು, ನೆನೆಸಿದ ನೀರನ್ನಲ್ಲ. ಕಾಳು ನೆನೆದ ನೀರನ್ನು ಚೆಲ್ಲಿ ತೊಳೆದು ಬೇಯಿಸಿದರೆ ಹೊಟ್ಟೆಯುಬ್ಬರ ಕಡಮೆ. ಮೂತ್ರಪಿಂಡದ ತೊಂದರೆಯಿದ್ದು ವೈದ್ಯರು ಪೊಟ್ಯಾಸಿಯಂ ತಗ್ಗಿಸಲು ಹೇಳಿರುವವರಿಗೆ ಬಸಿದ ನೀರು ಸಲ್ಲದು. ಅವರು ವೈದ್ಯರನ್ನೇ ಕೇಳಬೇಕು. ರಕ್ತದೊತ್ತಡ ಇರುವವರ ಮನೆಯಲ್ಲಿ ಎಸರಿಗೆ ಉಪ್ಪನ್ನು ಅರ್ಧ ಮಾಡಿ, ಉಳಿದವರು ಖಾರದ ಉಪ್ಪಿನಲ್ಲಿ ಸರಿಮಾಡಿಕೊಳ್ಳಲಿ.

ಹಂಗಳದ ಕಡೆಯ ಹೊಲಗಳು ಈಗ ಬಹಳ ಬದಲಾಗಿವೆ. ಕೊಳವೆಬಾವಿ ಬಂದ ಮೇಲೆ ಅರಿಸಿನ, ಬಾಳೆ, ಈರುಳ್ಳಿ, ಟೊಮ್ಯಾಟೊ. ಮಳೆಗಾಲದಲ್ಲಿ ರಸ್ತೆಯ ಎರಡೂ ಬದಿಗೆ ಚೆಂಡುಹೂ, ಸೂರ್ಯಕಾಂತಿ. ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವವರಿಗೆ ಅದು ಕಣ್ಣಿಗೆ ಹಬ್ಬ. ಬೆಳೆದವರ ಕೈಗೆ ನಾಲ್ಕು ಕಾಸು ಬಂದರೆ ಬೇಡವೆನ್ನುವುದಕ್ಕೆ ನಾವು ಯಾರು? ಕಾಡಿನಂಚಿನಲ್ಲಿ ರಾಗಿ ಬೆಳೆದರೆ ಆನೆಯೂ ಹಂದಿಯೂ ಪಾಲು ಕೇಳಲು ಬರುತ್ತವೆ. ರಾತ್ರಿಯೆಲ್ಲ ಕಾವಲು ಕೂರುವ ಕಷ್ಟ ಪಟ್ಟಣದ ನಮಗೆ ತಿಳಿಯುವುದಿಲ್ಲ. ಆದರೆ ಒಂದೇ ಬೆಳೆಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆ ಸೊಪ್ಪು ಏಳುವುದಿಲ್ಲ. ಎದ್ದರೂ ಅದನ್ನು ಕಿತ್ತು ತಿನ್ನಲು ಧೈರ್ಯ ಬೇಕು. ದುಡ್ಡಿಲ್ಲದೆ ಸಿಕ್ಕುತ್ತಿದ್ದ ತರಕಾರಿಯನ್ನು ಅದೇ ಹಳ್ಳಿಯ ಹೆಣ್ಣುಮಕ್ಕಳು ಸಂತೆಯಲ್ಲಿ ಕಟ್ಟಿಗಿಷ್ಟು ಎಂದು ಕೊಳ್ಳುವಂತಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಗಿಯ ಬಿಸ್ಕತ್ತು, ರಾಗಿಯ ದೋಸೆ ಎಲ್ಲ ಪಟ್ಟಣಕ್ಕೆ ಬಂದವು, ಸಂತೋಷ. ರಾಗಿಯ ಜೊತೆಗಿದ್ದ ಸೊಪ್ಪಿನ ವರ್ಷವನ್ನು ಮಾತ್ರ ಯಾರೂ ಆಚರಿಸಲಿಲ್ಲ.

ನಮ್ಮ ಕೈಲಾಗುವುದೂ ಸ್ವಲ್ಪ ಇದೆ. ಸಂತೆಗೆ ಹೋದಾಗ ಗೋಣಿಚೀಲದ ಮೇಲೆ ಬೆರಕೆ ಸೊಪ್ಪು ಹರಡಿಕೊಂಡು ಕೂತ ಅಜ್ಜಿ ಕಂಡರೆ ಚೌಕಾಸಿ ಮಾಡದೆ ಕೊಳ್ಳಿ. ಯಾವ ಸೊಪ್ಪು ಯಾವುದೆಂದು ಆಕೆಯನ್ನೇ ಕೇಳಿ, ಸಂತೋಷದಿಂದ ಹೇಳುತ್ತಾಳೆ. ಸೊಪ್ಪನ್ನು ಬೇರೆ ಬೇರೆಯಾಗಿ ಗುರುತಿಸುವುದನ್ನು ಮನೆಯ ಮಕ್ಕಳಿಗೂ ಕಲಿಸಿ. ಹೂವಿನ ಕುಂಡದಲ್ಲಿ ಒಂದು ಹಿಡಿ ಕೀರೆಯ ಬೀಜ ಚೆಲ್ಲಿದರೆ ತಿಂಗಳೊಳಗೆ ಒಂದು ದಿನದ ಉಪ್ಪೆಸರಿಗಾಯಿತು.

ಹೊತ್ತಾಯಿತು, ಕೊನೆಗೊಂದು ಮಾತು ಖಾರವನ್ನು ಇಡುವ ಬಗೆಗೆ. ಒಣಮೆಣಸಿನಕಾಯಿಯ ಖಾರವನ್ನು ಕಾಳು ಸೊಪ್ಪು ಸೇರಿಸದೆ, ನೀರು ಸೋಕಿಸದೆ, ಹುಣಸೆಹಣ್ಣು ಉಪ್ಪು ಸ್ವಲ್ಪ ಮುಂದಾಗಿ ಅರೆದು ಗಾಜಿನ ಸೀಸೆಯಲ್ಲಿಟ್ಟರೆ ತಣ್ಣನೆಯ ಪೆಟ್ಟಿಗೆಯಲ್ಲಿ ಒಂದು ವಾರ ಕೆಡುವುದಿಲ್ಲ. ತೆಗೆಯುವಾಗ ಚಮಚ ಒಣಗಿರಲಿ. ಸಾರು ಮಾಡಲು ಬೇಸರವಾದ ರಾತ್ರಿ ಬಿಸಿ ಅನ್ನಕ್ಕೆ ಅಷ್ಟು ಖಾರ, ಒಂದು ಚಮಚ ಹುಚ್ಚೆಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ.