ಮಂಟಪ ಮುಳುಗಿತಾ?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ "ಪ್ರಕೃತಿ ವಿಕೋಪ ಮತ್ತು ನಮ್ಮ ಸಿದ್ಧತೆ". ಊಟಕ್ಕೆ ಮುಂಚೆ ಇದೇ ಕೊನೆಯ ಭಾಷಣ ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಹೇಳಿದ್ದಾರೆ. ಹಾಗಾಗಿ ಪೀಠಿಕೆ ಬಿಡುತ್ತೇನೆ.

ಎರಡು ವರ್ಷದ ಹಿಂದೆ ಸಂಶೋಧನೆ ಮಾಡುವ ಒಬ್ಬ ಹೆಣ್ಣುಮಗಳು ನಮ್ಮೂರಿಗೆ ಬಂದಿದ್ದರು. ಕೈಯಲ್ಲಿ ಪ್ರಶ್ನೆಗಳ ಹಾಳೆ. "ನೆರೆ, ಬರ, ಅಕಾಲ ಮಳೆ ಬಂದ್ರೆ ನೀವು ಏನು ತಯಾರಿ ಮಾಡ್ಕೊಂಡಿದೀರಿ?" ಎಂದು ಕೇಳಿದರು. ಕಟ್ಟೆ ಮೇಲೆ ಕೂತಿದ್ದ ನಾಲ್ಕೈದು ಜನ ಒಂದೇ ಬಾಯಲ್ಲಿ "ಏನೂ ಇಲ್ಲ ಕಣಮ್ಮ, ಸರ್ಕಾರ ಕೊಟ್ರೆ ಉಂಟು" ಅಂದ್ವಿ. ಪರಿಹಾರದ ಪಟ್ಟಿಗೆ ಹೆಸರು ಬರೆಯೋಕೆ ಬಂದಿದಾರೆ ಅಂತ ನಮ್ಮ ಲೆಕ್ಕ. ಅವರು ಹಾಗೇ ಬರೆದುಕೊಂಡು ಹೋದರು. ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಹೇಳಿದ್ದು ಸುಳ್ಳು.

ಶಿವಮೊಗ್ಗದಲ್ಲಿ ಮಳೆ ಜೋರಾದರೆ ಜನ ಮೊದಲು ಕೇಳುವುದೇನು? "ಮಂಟಪ ಮುಳುಗಿತಾ?" ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗೆ ನಿಂತಿರುವ ಆ ಕಲ್ಲಿನ ಮಂಟಪವೇ ಊರಿನ ಅಳತೆಕೋಲು. ಗಾಜನೂರಿನ ಅಣೆಕಟ್ಟು ಚಿಕ್ಕದು. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ಹೆಚ್ಚು ಹೊತ್ತು ನಿಲ್ಲದೆ ಪೇಟೆಗೆ ಬರುತ್ತದೆ. ಭದ್ರೆಯ ಸ್ವಭಾವವೇ ಬೇರೆ. ಲಕ್ಕವಳ್ಳಿಯ ಜಲಾಶಯ 186 ಅಡಿ, ಎಪ್ಪತ್ತೊಂದೂವರೆ ಟಿ.ಎಂ.ಸಿ. ಹಿಡಿಯುತ್ತದೆ. ತುಂಬುವವರೆಗೂ ಆಕೆ ಸುಮ್ಮನೆ. ತುಂಬಿದ ಮೇಲೆ ಬಂದ ನೀರನ್ನು ಬಿಡಲೇಬೇಕು. ಆಗ ಭದ್ರಾವತಿಯಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತದೆ. ನೀರು ಜಾಸ್ತಿ ಬಿಟ್ಟಾಗ ಹೊಸ ಸೇತುವೆ ಮುಳುಗುತ್ತದೆ, ಹಳೇ ಸೇತುವೆ ನಿಂತಿರುತ್ತದೆ. ಇಂಜಿನಿಯರು ಮಹಾಶಯರು ಇಲ್ಲಿದ್ದರೆ ಬೇಸರ ಮಾಡಿಕೊಳ್ಳಬಾರದು, ಕಣ್ಣಲ್ಲಿ ಕಂಡದ್ದು ಹೇಳಿದೆ. ಎರಡು ಹೊಳೆಗೆ ಎರಡು ಲೆಕ್ಕ ಇಟ್ಟುಕೊಂಡು ಬದುಕಿದ್ದೇವಲ್ಲ, ಇದು ತಯಾರಿ ಅಲ್ವಾ? ಆ ಹಾಳೆಯಲ್ಲಿ ಇದು ಬರಬೇಕಿತ್ತು.

ಆದರೆ ಇದನ್ನೇ ನಂಬಿ ಕೂರುವ ಹಾಗೂ ಇಲ್ಲ. 2019ರ ಆಗಸ್ಟ್ ಎರಡನೆಯ ವಾರ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ನೋಡಿದ್ದೀರಿ. ಅದೇ ವಾರ ನಮ್ಮ ಸಂಘದ ಗೋದಾಮಿಗೂ ಹಳ್ಳದ ನೀರು ಬಂತು. ವಾರ ಮೊದಲೇ ಹಿರಿಯ ಸದಸ್ಯರೊಬ್ಬರು "ಗೊಬ್ಬರದ ಮೂಟೆ ನೆಲಕ್ಕೆ ಹಾಕ್ಬೇಡ್ರಪ್ಪ, ಅಡಿಗೆ ಹಲಗೆ ಕೊಡಿ, ನಮ್ಮಪ್ಪನ ಕಾಲದಲ್ಲಿ ಇಲ್ಲಿ ಮೊಣಕಾಲು ನೀರು ಬಂದಿತ್ತು" ಅಂದಿದ್ದರು. ನಾವು ನಿರ್ದೇಶಕರು ನಕ್ಕೆವು. ಕೆಳಗಿನ ಎರಡು ಸಾಲು ಯೂರಿಯಾ ಕರಗಿ ಹೋಯಿತು. ಆ ನಗುವಿನಲ್ಲಿ ನನ್ನದೂ ಪಾಲಿತ್ತು. ಆ ಹಿರಿಯರು ಈಗ ಇಲ್ಲ. ಅವರಿಗೆ ಗೊತ್ತಿದ್ದ ಮಿಕ್ಕ ಗುರುತುಗಳನ್ನು ಯಾರೂ ಬರೆದಿಡಲಿಲ್ಲ.

ಹೋಗಲಿ, ನೆರೆಯೊಂದೇ ಆದರೆ ಸುಧಾರಿಸಬಹುದಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮಲೆನಾಡಿನ ಬಾಗಿಲಲ್ಲಿ ಕೂತ ನಾವೂ ಕೊಳವೆಬಾವಿ ನೋಡುತ್ತಾ ಕೂರಬೇಕಾಯಿತು. ಅಜ್ಜನ ಲೆಕ್ಕ ತಪ್ಪುವ ಕಾಲ ಇದು. ಕರ್ನಾಟಕ 1988ರಲ್ಲೇ ಬರ ಉಸ್ತುವಾರಿ ಕೋಶ ತೆರೆಯಿತು. ಅದೇ ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ನಮ್ಮ ಅಡಿಕೆಯ ಹವಾಮಾನ ಆಧಾರಿತ ವಿಮೆ ನಿಂತಿರುವುದು ಆ ಮಾಪಕದ ಲೆಕ್ಕದ ಮೇಲೆ. ಮಾಪಕದ ಮೇಲೆ ಬಳ್ಳಿ ಹಬ್ಬಿದರೆ ನಷ್ಟ ಯಾರಿಗೆ? ಹೋಗಿ ನೋಡಿದವರು ಕೈ ಎತ್ತಿ. ನಾನೂ ನೋಡಿಲ್ಲ.

ಸಂಶೋಧಕರು ಬಂದು ಏನು ಉಪಯೋಗ ಅಂತ ಕೇಳ್ತೀರಿ. ಅಮೆರಿಕದ ಆಲ್ಡ್ರಿಚ್ ಎಂಬ ವಿದ್ವಾಂಸರು ಜಪಾನಿನ ಕೋಬೆ ಭೂಕಂಪವನ್ನೂ, ಸುನಾಮಿಯ ನಂತರ ತಮಿಳುನಾಡಿನ ಹಳ್ಳಿಗಳನ್ನೂ ಅಧ್ಯಯನ ಮಾಡಿದ್ದಾರೆ. 1995ರ ಆ ಭೂಕಂಪದ ಬೆಂಕಿಯಲ್ಲಿ ಕೋಬೆಯ ಮಾನೋ ಎಂಬ ಕೇರಿಯವರು ತಾವೇ ಸಾಲುಗಟ್ಟಿ ನಿಂತು ಬೆಂಕಿ ಆರಿಸಿದರು. ಬೇರೊಂದು ಕೇರಿಯಲ್ಲಿ ಜನ ನೋಡುತ್ತಾ ನಿಂತರು, ಮನೆಗಳು ಸುಟ್ಟವು. ಮಾನೋದವರು ಶ್ರೀಮಂತರೇನಲ್ಲ. ಹಿಂದೆ ಕಾರ್ಖಾನೆಗಳ ಹೊಗೆಯ ವಿರುದ್ಧ ಒಟ್ಟಾಗಿ ಹೋರಾಡಿದ್ದರು. ಕೂಡಿ ಕೆಲಸ ಮಾಡುವ ರೂಢಿ ಉಳಿದಿತ್ತು. ನೆರವು ಎಷ್ಟು ಬಂತು ಎಂಬುದಕ್ಕಿಂತ ನೆರೆಹೊರೆ ಹೇಗಿತ್ತು ಎಂಬುದೇ ಊರು ಮತ್ತೆ ಎದ್ದು ನಿಲ್ಲುವುದಕ್ಕೆ ಮುಖ್ಯ ಎಂದು ಅವರ ತೀರ್ಮಾನ. ಇಪ್ಪತ್ತೈದು ವರ್ಷ ಕೂಡಿ ಸಾಲ ಪಡೆದು, ಕೂಡಿ ತೀರಿಸಿ, ಕೂಡಿ ಜಗಳವಾಡಿದ ನಮಗೆ ಇದು ಹೊಸ ಮಾತೇನಲ್ಲ.

ಆದ್ದರಿಂದ ಸಂಶೋಧಕರು ಮತ್ತೆ ಬಂದರೆ ಇದ್ದದ್ದು ಇದ್ದ ಹಾಗೆ ಹೇಳಿ. ಬರೆದದ್ದರ ಒಂದು ಪ್ರತಿ ಕನ್ನಡದಲ್ಲಿ ಸಂಘಕ್ಕೆ ಕಳಿಸಿ ಅಂತಲೂ ಕೇಳಿ. ಕೇಳೋಕೆ ಸಂಕೋಚ ಬೇಡ, ಅವರು ಬರೆಯೋದು ನಮ್ಮ ಮಾತೇ.

ಅಧ್ಯಕ್ಷರ ಅಪ್ಪಣೆ ಪಡೆದು ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ಹೊಸ ಪುಸ್ತಕ ಇಟ್ಟಿದ್ದೇನೆ. ಯಾವ ವರ್ಷ ಯಾರ ಮನೆಯ ಎಷ್ಟನೇ ಮೆಟ್ಟಿಲಿಗೆ ನೀರು ಬಂತು, ಯಾರ ಬಾವಿ ಯಾವ ತಿಂಗಳು ಬತ್ತಿತು, ರಾತ್ರಿ ನೀರು ಬಂದರೆ ಯಾರ ಮನೆಯಲ್ಲಿ ಎತ್ತಿಕೊಂಡು ಬರಬೇಕಾದ ಮುದುಕರಿದ್ದಾರೆ, ಇದಿಷ್ಟನ್ನು ಬರೆಸಿ. ಬರೆಯೋಕೆ ಬಾರದವರಿಗೆ ನಮ್ಮ ಗುಮಾಸ್ತರು ಬರೆದುಕೊಡುತ್ತಾರೆ. ಮೊದಲ ಪುಟದಲ್ಲಿ ಗೋದಾಮಿನ ಯೂರಿಯಾದ ವಿಚಾರ ನಾನೇ ಬರೆದಿದ್ದೇನೆ.