ಗಾಜಿನ ಮೇಲೆ ಬೆರಳಿನ ಸಾಧನೆ



ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಕೆಲವರಿಗೆ ತೋಳೆತ್ತಲು ಬರುತ್ತದೆ, ಮುಷ್ಟಿ ಕಟ್ಟಲೂ ಬರುತ್ತದೆ. ಅಂಗಿಯ ಗುಂಡಿ ಹಾಕಲು ಮಾತ್ರ ಆಗುವುದಿಲ್ಲ. ಒಂದು ಬೆರಳು ಆಡಿಸಹೊರಟರೆ ಉಳಿದವೂ ಜೊತೆಗೇ ಮಡಚಿಕೊಳ್ಳುತ್ತವೆ.

ಇಂಥವರಿಗೆ ಈಗ, ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟರು ಬೆರಳಿನ ಅಭ್ಯಾಸಕ್ಕೆ ಟ್ಯಾಬ್ಲೆಟ್ ಕಂಪ್ಯೂಟರ್ ಕೊಡುವುದುಂಟು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಇದಕ್ಕೆಂದೇ ಆ್ಯಪ್‌ಗಳು ಹುಟ್ಟಿಕೊಂಡವು. 'ಡೆಕ್ಸ್‌ಟೀರಿಯಾ' ಅವುಗಳಲ್ಲೊಂದು. ಅದರ ಒಂದು ಆಟದಲ್ಲಿ ಹೆಬ್ಬೆರಳನ್ನು ಪರದೆಯ ಮೇಲೆ ಊರಿಕೊಂಡೇ ಉಳಿದ ಬೆರಳುಗಳಿಂದ ಚುಕ್ಕಿ ಮುಟ್ಟಬೇಕು. ಇನ್ನೊಂದರಲ್ಲಿ ಏಡಿಗಳನ್ನು ಚಿವುಟಿ ಹಿಡಿಯಬೇಕು. ಮೂರನೆಯದು ಅಕ್ಷರ ತಿದ್ದುವುದು. ಅದು ಇಂಗ್ಲಿಷ್ ಅಕ್ಷರ. ನಮ್ಮ 'ಠ', 'ಣ'ಗಳ ಸುತ್ತು ಬೆರಳಿಗೆ ಇನ್ನೂ ಒಳ್ಳೆಯ ಕಸರತ್ತು ಎಂದು ನನ್ನ ಅನಿಸಿಕೆ.

ಈ ಪರದೆ ಬಲ ಕೇಳುವುದಿಲ್ಲ. ಗಾಜಿನಡಿ ಹರಡಿರುವ ಸಣ್ಣ ವಿದ್ಯುತ್ ಕ್ಷೇತ್ರ, ಬೆರಳು ಸೋಕಿದಲ್ಲಿ ಬದಲಾಗುತ್ತದೆ. ಯಂತ್ರ ಗುರುತಿಸುವುದು ಅಷ್ಟನ್ನೇ. ಹಾಗಾಗಿ ಪೆನ್ಸಿಲ್ ಒತ್ತಲಾರದ ಬೆರಳೂ ಇಲ್ಲಿ ಗೆರೆ ಎಳೆಯುತ್ತದೆ. ಗೆದ್ದಾಗ ಟಿಂಗ್ ಎಂದು ಸದ್ದು, ಕೂಡಲೇ ಮುಂದಿನ ಸುತ್ತು. ಮಿದುಳು ಕಳೆದುಕೊಂಡ ಚಲನೆಯನ್ನು ಮತ್ತೆ ಕಲಿಯುವುದು ನೂರಾರು ಸಲ ಮಾಡಿ ಮಾಡಿಯೇ. ಬೇಸರವಿಲ್ಲದೆ ಅಷ್ಟು ಸಲ ಮಾಡಿಸುವುದು ಆಟಕ್ಕೆ ಸುಲಭ.

ಕೊರತೆಯೂ ಬಲ ಕೇಳದ ಆ ಪರದೆಯಲ್ಲೇ ಇದೆ. ಗಾಜಿಗೆ ತೂಕವಿಲ್ಲ, ಎದುರೊತ್ತಿಲ್ಲ, ಉಬ್ಬುತಗ್ಗಿಲ್ಲ. ಚಪಾತಿ ಹಿಟ್ಟು ನಾದುವಾಗ, ಅವರೆಕಾಯಿ ಸುಲಿಯುವಾಗ, ಮಲ್ಲಿಗೆ ಕಟ್ಟುವಾಗ ಬೆರಳಿಗೆ ಸಿಗುವ ಕೆಲಸ ಅಲ್ಲಿಲ್ಲ. ತೈವಾನಿನಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಆರೋಗ್ಯವಂತ ಮಕ್ಕಳ ಮೇಲೆ 24 ವಾರ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟ್ಯಾಬ್ಲೆಟ್ ಬಳಸಿದವರಿಗಿಂತ ಕೈಯಾರೆ ಆಟವಾಡಿದ ಮಕ್ಕಳ ಬೆರಳುಗಳೇ ಹೆಚ್ಚು ಚುರುಕಾಗಿದ್ದವು. ಕಾಯಿಲೆಯಿಂದ ಏಳುತ್ತಿರುವವರ ಲೆಕ್ಕ ಬೇರೆ, ಒಪ್ಪೋಣ. ಆದರೂ ಮಕ್ಕಳ ಕೈಗೆ ಫೋನ್ ಕೊಟ್ಟು 'ಬೆರಳಿಗೆ ಒಳ್ಳೆಯದು' ಎನ್ನುವ ತಂದೆತಾಯಿ ಇದನ್ನು ತಿಳಿದಿರಲಿ.

ಇನ್ನೊಂದು ತೊಡಕು: ಬೆರಳು ಚಲಿಸದೆಯೂ ಆಟ ಗೆಲ್ಲಬಹುದು. ಬೆರಳನ್ನು ಸೆಟೆಸಿಕೊಂಡು, ಭುಜದಿಂದಲೇ ಇಡೀ ತೋಳು ತೂಗಿ ಚುಕ್ಕಿ ಮುಟ್ಟಿದರೂ ಅಂಕ ಬರುತ್ತದೆ. ಅದು ಯಂತ್ರಕ್ಕೆ ಕಾಣದು, ಪಕ್ಕದಲ್ಲಿ ಕುಳಿತ ಥೆರಪಿಸ್ಟರಿಗೆ ಕಾಣುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವವರು ಮುಂಗೈಯನ್ನು ಮೇಜಿನ ಮೇಲೆ ಊರಿಕೊಳ್ಳಲಿ, ಮನೆಯವರು ಭುಜದ ಕಡೆ ಕಣ್ಣಿಡಲಿ. ಕೈ ನಡುಗಿ ಪರದೆ ಬೇಡದ್ದನ್ನೆಲ್ಲ ತೆರೆಯುತ್ತಿದ್ದರೆ, ಐಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ 'ಟಚ್ ಅಕಾಮಡೇಷನ್ಸ್' ಎಂಬುದಿದೆ. ಬೆರಳು ಕೊಂಚ ಹೊತ್ತು ನಿಂತರೆ ಮಾತ್ರ ಅದನ್ನು ಸ್ಪರ್ಶವೆಂದು ಎಣಿಸುವಂತೆ ಅಲ್ಲಿ ಹೊಂದಿಸಿಕೊಳ್ಳಬಹುದು.